ಮಕ್ಕಳ ಜೊತೆ ಎಲ್ಲಿಗೆ: ಕಸ್ತೂರ್ಬಾ ರಸ್ತೆಗಾ, ಬಳ್ಳಾರಿ ರಸ್ತೆಗಾ?

ಬೆಂಗಳೂರಲ್ಲಿ ಚಿಕ್ಕ ಮಕ್ಕಳಿದ್ದರೆ ಯೋಚನೆನೇ ಬೇಡ, ಕಸ್ತೂರ್ಬಾ ರಸ್ತೆಯಲ್ಲಿರೋ ವಿಜ್ಞಾನದ ಮ್ಯೂಸಿಯಂ, ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ. ಅಲ್ಲಿ ಗುಂಡಿ ಒತ್ತಬಹುದು, ಹಿಡಿ ತಿರುಗಿಸಬಹುದು, ರೈಟ್ ಸೋದರರ ವಿಮಾನದ ನಿಜ ಗಾತ್ರದ ಮಾದರಿ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲಬಹುದು. ಡೈನೋಸಾರ್ ಮಾದರಿ ಅಲುಗಾಡಿದ್ದೇ ತಡ, ಮಗಳು ನನ್ನ ಕಾಲು ತಬ್ಬಿಕೊಂಡಳು, ಐದು ನಿಮಿಷ ಬಿಟ್ಟು ಮತ್ತೆ ಅಲ್ಲಿಗೇ ಎಳೆದಳು. ಮ್ಯೂಸಿಯಂನವರ ಸಂಚಾರಿ ಪ್ರದರ್ಶನದ ಬಸ್ಸು ಹಳ್ಳಿ ಶಾಲೆಗಳಿಗೂ ಹೋಗುತ್ತೆ, ಅದು ನನಗೆ ಜಾಸ್ತಿ ಇಷ್ಟ.

ಕಾಲೇಜು ಹುಡುಗರಾದರೆ ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ. ಪ್ರವೇಶ ಉಚಿತ. ಒಂದೊಂದು ಸಲ ಒಂದೊಂದು ವಿಷಯದ ಮೇಲೆ ಪ್ರದರ್ಶನ, 2024ರಲ್ಲಿ ಕಾರ್ಬನ್ ಇತ್ತು. ಯುವಕ ಯುವತಿಯರೇ ಪಕ್ಕ ನಿಂತು ಮಾತಾಡಿಸುತ್ತಾರೆ, ವಾದಕ್ಕೂ ರೆಡಿ. ಆರು ವರ್ಷದವಳನ್ನು ಕರೆದುಕೊಂಡು ಹೋದರೆ ಮಾತ್ರ ಹತ್ತೇ ನಿಮಿಷಕ್ಕೆ 'ಅಪ್ಪಾ, ಮನೆಗೆ ಹೋಗೋಣ' ಶುರು.