ಹುಂಜಗಳ ನಡುವೆ ಅರ್ಧ ಮರೆಯ ತಡಿಕೆ: ಒಂದು ವಿಮರ್ಶೆ

ಒಂದಕ್ಕಿಂತ ಹೆಚ್ಚು ಹುಂಜಗಳನ್ನು ಅಕ್ಕರೆಯಿಂದ ಸಾಕುವವರಿಗಾಗಿ ಮಾರಾಟಕ್ಕಿರುವ ಸಾಧನಗಳಲ್ಲಿ, ಕೆಳಗಿನ ಅರ್ಧಕ್ಕೆ ಪ್ಲಾಸ್ಟಿಕ್ ಹಲಗೆಯ ಮರೆಯೂ ಮೇಲಿನ ಅರ್ಧಕ್ಕೆ ಬರಿಯ ಜಾಲರಿಯೂ ಇರುವ ಬಿಡಿ ಪ್ಯಾನೆಲ್‌ಗಳಷ್ಟು ಪ್ರಯೋಜನಕ್ಕೆ ಬಂದದ್ದು ನನ್ನ ಅನುಭವದಲ್ಲಿ ಇನ್ನೊಂದಿಲ್ಲ. ನಾನು ಬಳಸುತ್ತಿರುವ ಸೆಟ್ಟಿನ ಪ್ಯಾನೆಲ್‌ಗಳು 120 ಸೆಂ.ಮೀ. ಎತ್ತರವಿವೆ. ಸತುವಿನ ಲೇಪವಿರುವ ತಂತಿಯ ಜಾಲರಿಯ ಕಣ್ಣು 2.5 ಸೆಂ.ಮೀ. ಅಗಲವಿದ್ದು, ಬೆಳೆದ ಹುಂಜದ ತಲೆ ಅದರಲ್ಲಿ ತೂರುವುದಿಲ್ಲ. ಕೆಳಗಿನ 60 ಸೆಂ.ಮೀ. ಎತ್ತರದ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಜಾರಿಸಿ ಕೂರಿಸಬಹುದು, ಬೇಡವಾದಾಗ ಹೊರಗೆಳೆಯಬಹುದು. ಈ ಹಲಗೆಯೇ ಇದರ ಜೀವಾಳ. ಹಲಗೆಯಿಲ್ಲದ ಪ್ಯಾನೆಲ್‌ಗಳು ಮಾತ್ರ ಸಿಗುವುದಾದರೆ ಅವನ್ನು ಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಜಗಳವಾಡುವ ಹುಂಜವನ್ನು ದೂರದ ಗೂಡಿಗೆ ಸಾಗಿಸಿ, ಸಿಟ್ಟು ಇಳಿದ ಮೇಲೆ ಮರಳಿ ತರುವುದು ಹಲವರು ಹಿಡಿಯುವ ದಾರಿ. ಆದರೆ ಕೋಳಿಗಳ ಹಿಂಡಿನಲ್ಲಿ ಯಾರು ಯಾರಿಗೆ ತಗ್ಗಬೇಕೆಂಬ ಶ್ರೇಣಿಯೊಂದಿರುತ್ತದೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಷೆಲ್ಡೆರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ಇದನ್ನು ವಿವರಿಸಿದ್ದರು. ಆ ಶ್ರೇಣಿ ನಿಂತಿರುವುದು ಹಕ್ಕಿಗಳು ಒಂದನ್ನೊಂದು ಗುರುತಿಸುವುದರ ಮೇಲೆ, ಮುಖ್ಯವಾಗಿ ತಲೆ ಮತ್ತು ಜುಟ್ಟನ್ನು ನೋಡಿ ಗುರುತಿಸುವುದರ ಮೇಲೆ. ಕೆಲವು ವಾರಗಳ ಕಾಲ ಪೂರ್ತಿ ಕಣ್ಮರೆಯಾದ ಹುಂಜ ಹಿಂದಿರುಗಿದಾಗ ಉಳಿದವಕ್ಕೆ ಅದು ಹೊಸಬನಂತೆ ಕಾಣುತ್ತದೆ, ಒಮ್ಮೆ ತೀರ್ಮಾನವಾಗಿದ್ದ ವಿಚಾರ ಮತ್ತೆ ಕೊಕ್ಕು ಮತ್ತು ಕಾಲ್ಮುಳ್ಳುಗಳಿಂದಲೇ ತೀರ್ಮಾನವಾಗಬೇಕಾಗುತ್ತದೆ. ಆದ್ದರಿಂದ ಹುಂಜಗಳನ್ನು ಬೇರ್ಪಡಿಸಬೇಕು, ಆದರೆ ಪರಿಚಯ ಕಡಿದುಹೋಗದಂತೆ ಬೇರ್ಪಡಿಸಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಸಾಧನ ತಡಿಕೆ.

ಹಾಗಾದರೆ ಬರಿಯ ಜಾಲರಿ ಏಕೆ ಸಾಲದು? ತೆರೆದ ಅಂಗಳದಲ್ಲಿ ಎರಡು ಹುಂಜಗಳು ಕತ್ತಿನ ಗರಿ ಕೆದರಿ, ತಲೆ ತಗ್ಗಿಸಿ ಎದುರುಬದುರಾದರೆ, ಒಂದು ಸೋತು ಮುಖ ತಿರುಗಿಸಿ ಓಡಿದೊಡನೆ ಬಹುತೇಕ ಜಗಳಗಳು ಅಲ್ಲಿಗೆ ಮುಗಿಯುತ್ತವೆ. ಜಾಲರಿಯ ಎರಡು ಬದಿಗೆ ನಿಂತ ಹುಂಜಗಳಲ್ಲಿ ಯಾವುದೂ ಸೋಲುವುದಿಲ್ಲ, ಯಾವುದೂ ಓಡಬೇಕಾಗಿಲ್ಲ. ಹೀಗಾಗಿ ಅವು ತಂತಿಯುದ್ದಕ್ಕೂ ಅತ್ತಿಂದಿತ್ತ ಶತಪಥ ಹಾಕುತ್ತ, ಮೇವು ನೀರು ಮರೆತು, ತಂತಿಗೆ ಎಗರಿ ಎಗರಿ ಜುಟ್ಟನ್ನೂ ಬೆರಳನ್ನೂ ಗಾಯ ಮಾಡಿಕೊಳ್ಳುತ್ತವೆ, ಮರುದಿನ ಬೆಳಗ್ಗೆ ಅದೇ ಜಗಳವನ್ನು ಮೊದಲಿನಿಂದ ಶುರುಮಾಡುತ್ತವೆ. ಹಲಗೆ ಹಾಕಿದರೆ ನೆಲದ ಮೇಲೆ ನಿಂತ ಎದುರಾಳಿಯ ಮುಖವೂ ನಿಲುವೂ ಕಾಣದೆ ಈ ಓಡಾಟ ಕಡಿಮೆಯಾಗುತ್ತದೆ; ಮೇಲಿನ ಜಾಲರಿಯಿಂದ ಗಾಳಿಯಾಡುತ್ತದೆ, ಕೂಗು ಕೇಳಿಸುತ್ತದೆ, ಅಡ್ಡಗೋಲಿನ ಮೇಲೆ ಕೂತಾಗ ಒಂದಕ್ಕೊಂದು ಕಾಣಿಸುತ್ತವೆ. ಅಡ್ಡಗೋಲನ್ನು ಮಾತ್ರ ತಡಿಕೆಯಿಂದ ಸಾಕಷ್ಟು ದೂರದಲ್ಲೇ ಕಟ್ಟಬೇಕು.

ಮತ್ತೆ ಒಂದುಗೂಡಿಸುವ ಹಂತದಲ್ಲಿ ಹಲಗೆಯ ನಿಜವಾದ ಬೆಲೆ ತಿಳಿಯುತ್ತದೆ. ತಡಿಕೆಯಿಂದ ದೂರದಲ್ಲಿ ಎರಡೂ ಕಡೆ ಕಾಳು ಎರಚಿ, ಒಂದೇ ಒಂದು ಪ್ಯಾನೆಲ್‌ನ ಹಲಗೆಯನ್ನು ಸ್ವಲ್ಪ ಹೊತ್ತು ತೆಗೆದು ನೋಡಬೇಕು. ಹುಂಜಗಳು ನೋಡಿಯೂ ನೋಡದಂತೆ ನೆಲ ಕೆದಕುತ್ತಿದ್ದರೆ ಆ ಅವಧಿಯನ್ನು ಹೆಚ್ಚಿಸಬಹುದು. ರೆಕ್ಕೆ ಇಳಿಬಿಟ್ಟು ಪಕ್ಕಪಕ್ಕಕ್ಕೆ ಹೆಜ್ಜೆಯಿಡಲು ಆರಂಭಿಸಿದರೆ ಹಲಗೆಯನ್ನು ತಕ್ಷಣ ಜಾರಿಸಿಬಿಡಬಹುದು. ಹುಂಜಗಳ ಗುಂಪಿನಲ್ಲಿ ಮುಂಜಾನೆ ಮೊದಲು ಕೂಗುವುದು ಶ್ರೇಣಿಯಲ್ಲಿ ಮೇಲಿರುವ ಹುಂಜ, ಉಳಿದವು ಅದರ ನಂತರ ಕೂಗುತ್ತವೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟಿದ್ದಾರೆ. ಈ ವಿಷಯ ತಿಳಿದ ಮೇಲೆ ನಸುಕಿನಲ್ಲಿ ಕಿವಿಗೊಟ್ಟು ಆಲಿಸುವುದು ನನಗೆ ರೂಢಿಯಾಗಿದೆ. ತಡಿಕೆಯ ಆಚೀಚಿನ ಕೂಗಿನ ಸರದಿ ದಿನವೂ ಒಂದೇ ಆಗಿದ್ದರೆ ಒಂದುಗೂಡಿಸಲು ಧೈರ್ಯ ಬರುತ್ತದೆ.

ಕೊರತೆಗಳು ಇಲ್ಲದಿಲ್ಲ. ಎರಡು ಪ್ಯಾನೆಲ್‌ಗಳನ್ನು ಸಲಾಕೆಯಿಂದ ಜೋಡಿಸುವ ಕಡೆ ಉಳಿಯುವ ಸಂದು ಸಾಕಷ್ಟು ಅಗಲವಿದೆ, ಹುಂಜಗಳು ಅದನ್ನು ಬೇಗನೆ ಪತ್ತೆಹಚ್ಚಿ ಅಲ್ಲೇ ಠಿಕಾಣಿ ಹೂಡುತ್ತವೆ. ದಪ್ಪ ಬಟ್ಟೆಯ ಪಟ್ಟಿಯನ್ನು ಬಿಗಿದು ಮುಚ್ಚುವುದು ಅನಿವಾರ್ಯ. ನೆಲಕ್ಕೆ ಹೊಡೆಯುವ ಗೂಟಗಳು ಗಿಡ್ಡವಾಗಿರುವುದರಿಂದ, ಜೋರು ಗಾಳಿ ಬೀಸಿದಾಗ ಹಲಗೆಗಳು ಹಾಯಿಯಂತೆ ಉಬ್ಬಿ ಇಡೀ ಸಾಲನ್ನು ವಾಲಿಸುತ್ತವೆ. ಹಗುರ ಮೈಯ ತಳಿಗಳಿಗೆ 120 ಸೆಂ.ಮೀ. ಎತ್ತರ ಒಂದು ಅಡ್ಡಿಯೇ ಅಲ್ಲ, ಮೇಲೆ ಬಲೆ ಹೊದಿಸಲೇಬೇಕು. ಚೌಕಟ್ಟಿನ ತೋಡಿನಲ್ಲಿ ಹಿಕ್ಕೆ ಸೇರಿ ಗಟ್ಟಿಯಾದರೆ ಹಲಗೆ ಜಾರುವುದಿಲ್ಲ. ತುರ್ತಿನಲ್ಲಿ ಬೇಕಾಗುವ ವಸ್ತು ತುರ್ತಿನಲ್ಲೇ ಕೈಕೊಡಬಾರದಾದ್ದರಿಂದ ಅದನ್ನು ಆಗಾಗ ತೊಳೆಯಬೇಕು.

ಇದಕ್ಕಿಂತ ಅಗ್ಗವಾಗಿ ಸಿಗುವ, ಮೂಗಿನ ಹೊಳ್ಳೆಗೆ ಸಿಕ್ಕಿಸಿ ಮುಂದಿನ ನೋಟವನ್ನು ಮರೆಮಾಡುವ ಕಣ್ಣುಪಟ್ಟಿಗಳನ್ನು ಸಾಕುಹುಂಜಕ್ಕೆ ತೊಡಿಸುವುದನ್ನು ನಾನು ಒಪ್ಪುವುದಿಲ್ಲ. ಅವು ಜಗಳವನ್ನು ತಗ್ಗಿಸುವುದು ಹಕ್ಕಿಯ ದೃಷ್ಟಿಯನ್ನೇ ಕಿತ್ತುಕೊಳ್ಳುವ ಮೂಲಕ. ಮೂಗಿನ ನಡುಗೋಡೆಯನ್ನು ಚುಚ್ಚಿ ಕೂರಿಸುವ ಬಗೆಯನ್ನಂತೂ ಬ್ರಿಟನ್‌ನಂತಹ ದೇಶಗಳಲ್ಲಿ ಕಾನೂನೇ ನಿಷೇಧಿಸಿದೆ. ಕಾಲ್ಮುಳ್ಳಿನ ಮೊನೆಯನ್ನು ಅರದಿಂದ ಉಜ್ಜಿ ಮೊಂಡಾಗಿಸುವುದು ಬೇರೆ ಮಾತು, ಅದು ತಡಿಕೆಯ ಜೊತೆಗೆ ಮಾಡಬಹುದಾದ ಒಳ್ಳೆಯ ಕೆಲಸ. ಒಳಗೆ ಮೂಳೆಯೂ ರಕ್ತನಾಳವೂ ಇರುವುದರಿಂದ ತುದಿಯನ್ನು ಮಾತ್ರ ಮುಟ್ಟಬೇಕು.

ತಡಿಕೆಯಿಂದ ಆಗದ ಕೆಲಸವನ್ನು ಅದರಿಂದ ನಿರೀಕ್ಷಿಸಬಾರದು. ಒಂದು ಹುಂಜಕ್ಕೆ 8ರಿಂದ 10 ಹೇಂಟೆಗಳಿರಬೇಕೆಂಬುದು ಸಾಮಾನ್ಯ ಲೆಕ್ಕ. ಹೇಂಟೆಗಳು ಅದಕ್ಕಿಂತ ತೀರಾ ಕಡಿಮೆಯಿದ್ದರೆ, ಹುಂಜಗಳನ್ನೆಲ್ಲ ಹೇಂಟೆಗಳು ಕಾಣದ ಕಡೆ ಪ್ರತ್ಯೇಕ ಗುಂಪಾಗಿ ಇಡುವುದೇ ಹೆಚ್ಚು ಶಾಂತಿಯ ದಾರಿ. ಹಗಲು ದೀರ್ಘವಾಗುವ ಋತುವಿನಲ್ಲಿ ಹಾರ್ಮೋನಿನ ಪ್ರಭಾವದಿಂದ ಏರುವ ಆವೇಶವನ್ನು ಯಾವ ಪ್ಯಾನೆಲ್ ಕೂಡ ಇಳಿಸಲಾರದು. ರಕ್ತ ಬಂದ ಗಾಯವಿದ್ದರೆ ಅರ್ಧ ಮರೆಯೂ ಸಾಲದು, ಏಕೆಂದರೆ ಕೆಂಪು ಬಣ್ಣ ಕಂಡಲ್ಲಿ ಕೋಳಿಗಳು ಕುಕ್ಕುತ್ತವೆ. ಗಾಯ ಒಣಗುವವರೆಗೆ ಮೇಲಿನ ಅರ್ಧವನ್ನೂ ಮುಚ್ಚಲು ಬಿಡಿ ಹಲಗೆಗಳನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಕೊಳ್ಳುವಾಗ ಬಾಗಿಲಿರುವ ಪ್ಯಾನೆಲ್ ಒಂದನ್ನಾದರೂ ಸೇರಿಸಿಕೊಳ್ಳಿ, ಆ ಬಾಗಿಲಿಗೂ ಹಲಗೆ ಬರುತ್ತದೆಯೇ ಎಂದು ಕೇಳಿಯೇ ಹಣ ಕೊಡಿ. ಬರದಿದ್ದರೆ ಎರಡೂ ಹುಂಜಗಳು ದಿನವಿಡೀ ಆ ಬಾಗಿಲ ಮುಂದೆಯೇ ನಿಲ್ಲುತ್ತವೆ.