ಸ್ಪಾನ್ ಹೊಂಡಕ್ಕೆ ‘ಪ್ರಿಬಯೋಟಿಕ್’ ಪುಡಿ ಎರಚುವ ಮೊದಲು ಇದನ್ನು ಓದಿ

ಮಳೆ ಹಿಡಿಯಿತು, ಸ್ಪಾನ್ (ಮೊಟ್ಟೆಯೊಡೆದ ಎಳೆ ಮೀನು ಮರಿ) ಬಿಡುವ ಕಾಲ. ಬೈಕಿನಲ್ಲಿ ಬಂದು ‘ಪ್ರಿಬಯೋಟಿಕ್’ (ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಊಟವಾಗುವ ವಸ್ತು) ಅಂತ ಡಬ್ಬ ಮಾರುವವರಿಗೂ ಇದೇ ಸೀಸನ್. ಹೋದ ವರ್ಷ ನನ್ನ ನರ್ಸರಿ ಹೊಂಡದ ಕಾಟ್ಲಾ, ರೋಹು ಮರಿಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೋಗಿದ್ದು ಇಂಥದ್ದೇ ಒಂದು ಡಬ್ಬದ ದೆಸೆಯಿಂದ. ಕಂಪನಿ ಹೆಸರು ಬರೆಯುವುದಿಲ್ಲ. ಲೇಬಲ್ ವರ್ಷಕ್ಕೊಂದು ಬರುತ್ತದೆ, ಮಾತು ಮಾತ್ರ ಅದೇ.

“ಅಣ್ಣಾ, ಇದು ಪ್ರಿಬಯೋಟಿಕ್. ದಿನಾ ಹೊಂಡಕ್ಕೆ ಎರಚಿ ಸಾಕು. ಸಗಣಿ ಹಾಕಿ ಪ್ಲಾಂಕ್ಟನ್ ಬರೋವರೆಗೂ ಯಾಕೆ ಕಾಯ್ತೀರಾ? ನೂರಕ್ಕೆ ತೊಂಬತ್ತು ಮರಿ ಗ್ಯಾರಂಟಿ.”

ಪ್ಲಾಂಕ್ಟನ್ ಅಂದರೆ ನೀರಿನಲ್ಲಿ ತೇಲುವ, ಮರಿಗಳು ತಿನ್ನುವ ಸಣ್ಣ ಸಣ್ಣ ಜೀವಿಗಳು. ಮಣ್ಣಿನ ಹೊಂಡದಲ್ಲಿ ನೂರಕ್ಕೆ 30ರಿಂದ 50 ಮರಿ ಬೆಳೆದು ಫ್ರೈ (ಸ್ಪಾನ್‌ನ ಮುಂದಿನ ಹಂತದ ಮರಿ) ಆಗಿ ಕೈಗೆ ಸಿಕ್ಕರೆ ಸಾಮಾನ್ಯ. ತೊಂಬತ್ತು ಗ್ಯಾರಂಟಿ ಅಂದವನ ಹತ್ತಿರ ಮುಂದಿನ ಮಾತೇ ಬೇಡ.

ಪುಡಿ ಹಾಕುತ್ತಾ ಬಂದ ಹಾಗೆ ನೀರಿನ ಹಸಿರು ಹೋಗಿ ಬೆಳ್ಳಗೆ ಮಬ್ಬಾಯಿತು. ಒಂದು ಬೆಳಗಿನ ಜಾವ ಟಾರ್ಚ್ ಬಿಟ್ಟು ನೋಡಿದರೆ ಮರಿಗಳೆಲ್ಲ ದಂಡೆಗೆ ಒತ್ತಿಕೊಂಡು ನೀರಿನ ಮೇಲೇ ನಿಂತಿವೆ. ಬಿಳಿ ಬೇಸನ್ನಿನಲ್ಲಿ ಒಂದಿಷ್ಟು ಮೊಗೆದೆ. ಹೊಟ್ಟೆಯಲ್ಲಿ ಏನೂ ಇಲ್ಲ, ಬೇಸನ್ನಿನ ತಳ ಕಾಣುವಷ್ಟು ಖಾಲಿ. ಬಿಸಿಲೇರುವ ಹೊತ್ತಿಗೆ ಬಹುಪಾಲು ತಳ ಸೇರಿದವು.

ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ಯೀಸ್ಟ್, ಡೆಕ್ಸ್‌ಟ್ರೋಸ್ ಎಂದಿತ್ತು. ಯಾವುದು ಎಷ್ಟು ಪಾಲು ಎಂದು ಎಲ್ಲೂ ಇಲ್ಲ. ಡೆಕ್ಸ್‌ಟ್ರೋಸ್ ಅಂದರೆ ಗ್ಲೂಕೋಸ್, ಸಕ್ಕರೆಯೇ. ಸಕ್ಕರೆ ನೀರಿಗೆ ಬಿದ್ದರೆ ಕಂಡಕಂಡ ಬ್ಯಾಕ್ಟೀರಿಯಾ ತಿಂದು ಹೆಚ್ಚುತ್ತವೆ, ನೀರಿನ ಆಕ್ಸಿಜನ್ ಎಳೆದುಕೊಳ್ಳುತ್ತವೆ. ರಾತ್ರಿ ಪಾಚಿಯಿಂದಲೂ ಆಕ್ಸಿಜನ್ ಬರುವುದಿಲ್ಲ. ಅದಕ್ಕೇ ಸಾವು ಬೆಳಗಿನ ಜಾವಕ್ಕೆ ಬರುವುದು.

ಹಾಗಂತ ಪ್ರಿಬಯೋಟಿಕ್ಕೇ ಮೋಸ ಅಂತಲ್ಲ. ಯೀಸ್ಟ್‌ನ ಕೋಶಗೋಡೆಯಿಂದ ತೆಗೆದ ಎಂಓಎಸ್ (ಮ್ಯಾನನ್ ಒಲಿಗೊಸ್ಯಾಕರೈಡ್), ಚಿಕೋರಿ ಬೇರಿನ ಇನ್ಯುಲಿನ್ ಎಂಬ ನಾರು, ಇವೆಲ್ಲ ನಿಜವಾದ ವಸ್ತುಗಳು. ಇವಕ್ಕೆ ಜೀವ ಇಲ್ಲ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಇವು ಊಟ, ಅಷ್ಟೇ. ಎಂಓಎಸ್ ಆದರೆ ಕೆಟ್ಟ ಬ್ಯಾಕ್ಟೀರಿಯಾ ಕರುಳಿಗೆ ಅಂಟದ ಹಾಗೆ ತಡೆಯುತ್ತದೆ ಕೂಡ. ಆದರೆ ಕೆಲಸ ಆಗಬೇಕಾದ್ದು ಮೀನಿನ ಹೊಟ್ಟೆಯೊಳಗೆ. ಎಂಓಎಸ್ ಅನ್ನು ಸಾಮಾನ್ಯವಾಗಿ ಕೆಜಿ ಮೇವಿಗೆ 2ರಿಂದ 4 ಗ್ರಾಂ ಬೆರೆಸುತ್ತಾರೆ. ನೀರಿಗೆ ಎರಚುವುದು ಯಾವ ಲೆಕ್ಕ? ಜಾಸ್ತಿ ಹಾಕಿದರೆ ಜಾಸ್ತಿ ಲಾಭ ಅನ್ನುವುದೂ ಸುಳ್ಳು. ಆರ್ಕ್ಟಿಕ್ ಚಾರ್ ಮೀನಿಗೆ ಮೇವಿನಲ್ಲಿ ಶೇ. 15 ಇನ್ಯುಲಿನ್ ಕೊಟ್ಟಾಗ ಕರುಳಿನ ಕೋಶಗಳೇ ಹಾಳಾಗಿದ್ದವು. 2001ರಲ್ಲೇ ಇದು ಪ್ರಕಟವಾಗಿದೆ.

ವಯಸ್ಸಿನ ವಿಷಯವಂತೂ ಮಾರುವವರು ಎತ್ತುವುದೇ ಇಲ್ಲ. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮರಿ ಮೊಟ್ಟೆಯೊಡೆದು ಸುಮಾರು ಮೂರು ದಿನ ತನ್ನ ಹೊಟ್ಟೆಯಲ್ಲಿರುವ ಹಳದಿ ಚೀಲದ ಮೇಲೇ ಬದುಕುತ್ತದೆ. ಆಮೇಲೆ ಅದಕ್ಕೆ ಬೇಕಾದ್ದು ನೀರಿನಲ್ಲಿ ಓಡಾಡುವ ರೋಟಿಫರ್, ಮೊಯಿನಾದಂಥ ಜೀವಂತ ಆಹಾರ. ಒಣ ಮೇವನ್ನೇ ಇನ್ನೂ ಸರಿಯಾಗಿ ತಿನ್ನದ ಮರಿಗೆ ಮೇವಿನ ಮೂಲಕ ಪ್ರಿಬಯೋಟಿಕ್ ಕೊಡುವುದು ಹೇಗೆ ಅಲ್ವಾ? ಅದು ಹಿಂಡಿ, ತೌಡು ಹಿಡಿದ ಮೇಲಿನ ಮಾತು. ಆಗಲೂ ವಸ್ತುವಿನ ಹೆಸರು, ಪಾಲು, ಬ್ಯಾಚ್ ನಂಬರ್, ಪಕ್ಕಾ ಬಿಲ್ ಇಲ್ಲದೆ ಮುಟ್ಟಬೇಡಿ. ನನಗೆ ಸಿಕ್ಕಿದ್ದು ಬಿಳಿ ಚೀಟಿ. ಅವನ ಫೋನು ಈಗ ಹತ್ತುವುದಿಲ್ಲ.

ಆ ದುಡ್ಡನ್ನು ಪ್ಲಾಂಕ್ಟನ್ ಬಲೆಗೆ ಹಾಕಿ. 50 ಲೀಟರ್ ನೀರು ಸೋಸಿದಾಗ 1ರಿಂದ 2 ಮಿಲಿಲೀಟರ್ ಪ್ಲಾಂಕ್ಟನ್ ತಳಕ್ಕೆ ಇಳಿದರೆ ಸ್ಪಾನ್ ಬಿಡಬಹುದು.

ಈಗಾಗಲೇ ಪುಡಿ ಹಾಕಿ ನೀರು ಬೆಳ್ಳಗಾಗಿದ್ದರೆ ಪುಡಿ, ಹಿಂಡಿ ಎರಡೂ ನಿಲ್ಲಿಸಿ. ಸಣ್ಣ ಕಣ್ಣಿನ ಬಲೆ ಕಟ್ಟಿ ಸ್ವಲ್ಪ ಹಳೆ ನೀರು ಹೊರಗೆ ಬಿಟ್ಟು, ಹೊಸ ನೀರನ್ನು ಎತ್ತರದಿಂದ ಚಿಮುಕಿಸಿ ಬಿಡಿ. ನಡುರಾತ್ರಿ ದಾಟಿದ ಮೇಲೆ ಪಂಪ್ ಹಾಕಿ, ಬಿಸಿಲು ಬೀಳುವವರೆಗೂ ಆಫ್ ಮಾಡಬೇಡಿ.