ಅವ್ವನ ಚೀಟಿ ಹೆಲ್ಸಿಂಕಿಗೆ ಹೋಗಿಬಂತು: ಆರೋಗ್ಯ ದಾಖಲೆ ಆ್ಯಪ್, ಮೂರು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಎರಡು ಬರೀ ಪಿಡಿಎಫ್‌ಗೆ.

ಆ್ಯಪಿನ ಹೆಸರು ಹೇಳುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. ಆಭಾ ಅನ್ನುವ ಸರ್ಕಾರಿ ಆರೋಗ್ಯ ಗುರುತಿನ ಸಂಖ್ಯೆಗೆ ಜೋಡಿಸಿಕೊಳ್ಳುವ ಖಾಸಗಿ ಆ್ಯಪ್‌ಗಳಲ್ಲಿ ಒಂದು ಅಂದುಕೊಳ್ಳಿ. ಅದನ್ನು ಅವ್ವನ ಫೋನಿಗೆ ಹಾಕುವ ಮುಂಚೆ ಆಕೆಯ ಆಸ್ಪತ್ರೆ ಕಾಗದಗಳೆಲ್ಲ ಬಟ್ಟೆ ಅಂಗಡಿಯ ಒಂದು ಕೈಚೀಲದಲ್ಲಿ ಇರುತ್ತಿದ್ದವು. ನಮ್ಮ ವಿಜಯಪುರದ ಡಾಕ್ಟರು, ಸೊಲ್ಲಾಪುರದ ಕಣ್ಣಿನವರು, ಮಿರಜದ ಹೃದಯದವರು, ಮೂವರ ಬರವಣಿಗೆಯೂ ಅದರಲ್ಲೇ. "ಸಕ್ಕರಿ ಚೀಟಿ ಎಲ್ಲೈತಿ?" ಅಂದರೆ "ಟ್ರಂಕಿನ್ಯಾಗ ಸೀರಿ ಕೆಳಗ ನೋಡು" ಅನ್ನುವಳು.

ಊರಲ್ಲಿ ಇದರ ಉಪಯೋಗ ಚೆನ್ನಾಗಿದೆ. 14 ಅಂಕಿಯ ಸಂಖ್ಯೆ ದೇಶಕ್ಕೆಲ್ಲ ಒಂದೇ, ಹಾಗಾಗಿ ಸೊಲ್ಲಾಪುರಕ್ಕೆ ಹೋದರೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಕೌಂಟರಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಟೋಕನ್ ಬರುತ್ತದೆ. ದಾಖಲೆ ಮಾಡಿದ ಆಸ್ಪತ್ರೆಯಲ್ಲೇ ಇರುತ್ತದೆ. ಇನ್ನೊಬ್ಬ ಡಾಕ್ಟರು ನೋಡಬೇಕೆಂದರೆ ಯಾವ ಕಾಗದ, ಯಾವ ದಿನದಿಂದ ಯಾವ ದಿನದವರೆಗಿನದು, ಎಷ್ಟು ಹೊತ್ತು ಅಂತ ಫೋನಿಗೆ ಒಪ್ಪಿಗೆ ಕೇಳಿ ಬರುತ್ತದೆ. ಕೊಟ್ಟ ಒಪ್ಪಿಗೆ ವಾಪಸ್ ಪಡೆಯಲೂಬಹುದು. ನಮ್ಮ ಬಡಾವಣೆಯ ಲ್ಯಾಬ್ ಮಾತ್ರ ಇವತ್ತಿಗೂ ಇದಕ್ಕೆ ಸೇರಿಲ್ಲ. ರಿಪೋರ್ಟ್ ವಾಟ್ಸಾಪಿಗೆ ಬರುತ್ತದೆ, ನಾನೇ ಕೂತು ಏರಿಸುತ್ತೇನೆ.

ನಿಜವಾದ ಪರೀಕ್ಷೆ ಆದದ್ದು ಹೋದ ವರ್ಷ. ತಂಗಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿದ್ದಾಳೆ, ಅವ್ವ ಮೇ ತಿಂಗಳಲ್ಲಿ ಅಲ್ಲಿಗೆ ಹೋದಳು. ಮೂರನೇ ವಾರಕ್ಕೆ ಆ್ಯಪ್ ತಾನಾಗಿಯೇ ಲಾಗೌಟ್ ಆಯಿತು. ಮತ್ತೆ ಒಳಗೆ ಹೋಗಲು ಒಟಿಪಿ ಬೇಕು, ಒಟಿಪಿ ಬರುವುದು ಅವ್ವನ ಸಿಮ್ಮಿಗೆ, ಸಿಮ್ಮಿಗೆ ರೋಮಿಂಗ್ ಇಲ್ಲ. ಆ ಸಿಮ್ ಕಾಯುತ್ತಾ ನಾವು ಎರಡು ದೇಶದಲ್ಲಿ ಕೂತೆವು. ಸಹಾಯವಾಣಿಗೆ ಬರೆದೆ, "ಭಾರತದ ನಂಬರಿನಿಂದ ಪ್ರಯತ್ನಿಸಿ" ಅಂತ ಉತ್ತರ ಬಂತು. ಭಾರತದ ನಂಬರೇ ಅಲ್ಲವೇನ್ರಿ ಅದು!

ಅದೇ ವಾರ ಫ್ರಿಜ್ಜಿನ ಹಿಂಗೋಡೆಗೆ ಒತ್ತಿ ಇಟ್ಟಿದ್ದ ಇನ್ಸುಲಿನ್ ಬಾಟಲಿಗಳು ಹೆಪ್ಪುಗಟ್ಟಿದವು. ಹೆಪ್ಪುಗಟ್ಟಿದ್ದು ಕರಗಿದರೂ ಬಳಸಬಾರದು. ನಮ್ಮ ಡಾಕ್ಟರ ಚೀಟಿ ಅಲ್ಲಿನ ಔಷಧ ಅಂಗಡಿಯಲ್ಲಿ ನಡೆಯುವುದಿಲ್ಲ, ಅಲ್ಲಿನವರನ್ನೇ ನೋಡಬೇಕು. ಪುಣ್ಯಕ್ಕೆ ಹೊರಡುವ ಹಿಂದಿನ ರಾತ್ರಿ ಎಲ್ಲ ದಾಖಲೆಯನ್ನೂ ಪಿಡಿಎಫ್ ಮಾಡಿ ತಂಗಿಗೆ ಕಳಿಸಿದ್ದೆ. ಎರಡು ಸ್ಟಾರ್ ಅದಕ್ಕೇ.

ಅಲ್ಲಿನ ಡಾಕ್ಟರಮ್ಮ ಪಿಡಿಎಫ್ ತೆರೆದು ಓದಿದ್ದನ್ನು ನಾನು ವಿಡಿಯೊ ಕಾಲಿನಲ್ಲಿ ನೋಡಿದೆ. ಅವ್ವನ ಸಕ್ಕರೆ ಮಾತ್ರೆಯ ಬ್ರ್ಯಾಂಡ್ ಹೆಸರು ನಮ್ಮ ಸ್ಟೇಷನ್ ರೋಡಿನ ಪ್ರತಿ ಅಂಗಡಿಗೂ ಗೊತ್ತು, ಅಲ್ಲಿ ಯಾರಿಗೂ ಗೊತ್ತಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಮೆಟ್‌ಫಾರ್ಮಿನ್ ಅಂತ ಇದ್ದದ್ದು ಕಂಡ ಮೇಲೆ ಅವರ ಮುಖ ತಿಳಿಯಾಯಿತು. ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು ನಮ್ಮ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ತಿದ್ದಿತ್ತು. ಅದು ಯಾಕೆ ಬೇಕು ಅಂತ ನನಗೆ ಆವತ್ತು ಗೊತ್ತಾಯಿತು. ಸಕ್ಕರೆ 180 ಅಂತ ಇತ್ತು, ಅವರು 18ರಿಂದ ಭಾಗಿಸಿ 10 ಅಂತ ಬರೆದುಕೊಂಡರು. ಮೂರು ತಿಂಗಳ ಸರಾಸರಿ 8 ಪರ್ಸೆಂಟ್ ಅವರ ಕಾಗದದಲ್ಲಿ 64 ಆಯಿತು. ಅದೇ ರಕ್ತ, ಅಳತೆ ಬೇರೆ.

ಹೊಸ ಇನ್ಸುಲಿನ್ ಪೆನ್ನಿನಲ್ಲಿ ಬಂತು. ಅವ್ವ ತಿರುಗಿಸಿ ಮುರುಗಿಸಿ ನೋಡಿ, "ಇದು ನನಗ ತಿಳಿಯಂಗಿಲ್ಲ, ನನ್ನ ಸೂಜಿಲೇ ಎಳಕೋತೀನಿ" ಅಂದಳು. ಆಕೆಯ ಸೂಜಿ ಕೆಂಪು ಮುಚ್ಚಳದ್ದು, ಎಂಎಲ್‌ಗೆ 40 ಯೂನಿಟ್ ಇರುವ ನಮ್ಮ ಬಾಟಲಿಗೆ ಮಾಡಿದ್ದು. ಪೆನ್ನಿನಲ್ಲಿರುವುದು ಎಂಎಲ್‌ಗೆ 100 ಯೂನಿಟ್. ಅಭ್ಯಾಸದಂತೆ 20ರ ಗೆರೆಗೆ ಎಳೆದಿದ್ದರೆ ಅರ್ಧ ಎಂಎಲ್, ಅಂದರೆ 50 ಯೂನಿಟ್ ಮೈಗೆ ಹೋಗುತ್ತಿತ್ತು. ತಂಗಿ ಆ ಸೂಜಿಗಳನ್ನೆಲ್ಲ ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಹಾಕಿದಳು. ನಮ್ಮ ಪಿಡಿಎಫ್‌ನಲ್ಲಿ "20 ಯೂನಿಟ್" ಅಂತ ಸರಿಯಾಗಿಯೇ ಇತ್ತು. ಬಾಟಲಿ 40ರದ್ದು, ಸೂಜಿ ಅದಕ್ಕೆ ತಕ್ಕದ್ದು ಅನ್ನುವುದು ಎಲ್ಲಿಯೂ ಇರಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ತಂಗಿಯ ಕಥೆ ಬೇರೆ. ಆಕೆಗೆ ಥೈರಾಯ್ಡ್ ಮಾತ್ರೆ. ಹಡಗಿನಲ್ಲಿ ಎರಡು ತಾಸು ಕೂತರೆ ಎಸ್ಟೋನಿಯಾದ ಟಾಲಿನ್, ಅಲ್ಲಿನ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ ಮಾತ್ರೆ ತಂದಳು, ಕಾಗದ ಇಲ್ಲ. ಫಿನ್‌ಲ್ಯಾಂಡಿನ ಇ-ಚೀಟಿ 2019ರ ಜನವರಿಯಿಂದ ಅಲ್ಲಿ ನಡೆಯುತ್ತದೆ, ಯುರೋಪಿನಲ್ಲಿ ಈ ಬಗೆಯದು ಅದೇ ಮೊದಲು. ಎರಡೂ ದೇಶದ ಸಂಪರ್ಕ ಕೇಂದ್ರಗಳು ಔಷಧವನ್ನು ಸಂಕೇತದಲ್ಲಿ ಕಳಿಸಿಕೊಳ್ಳುತ್ತವೆ. ಮೆಟ್‌ಫಾರ್ಮಿನ್ ಅಂದರೆ ಜಗತ್ತಿಗೆಲ್ಲ ಎ10ಬಿಎ02. ಅಂಗಡಿಯವನಿಗೆ ಅವನ ಭಾಷೆಯಲ್ಲೇ ಕಾಣುತ್ತದೆ. ಪೂರ್ತಿ ದುಡ್ಡು ಕೊಟ್ಟು ಬಂದು, ಫಿನ್‌ಲ್ಯಾಂಡಿಗೆ ಮರಳಿದ ಮೇಲೆ ವಿಮೆಯ ಪಾಲು ಕೇಳಬೇಕು, ಅದೊಂದು ಕಿರಿಕಿರಿ. 2025ರ ಮಾರ್ಚಿನಲ್ಲಿ ಜಾರಿಗೆ ಬಂದ ಯುರೋಪಿನ ಕಾಯ್ದೆಯ ಪ್ರಕಾರ 2029ರ ಹೊತ್ತಿಗೆ ಅಲ್ಲಿನ ಎಲ್ಲ ಸದಸ್ಯ ದೇಶಗಳೂ ಇದಕ್ಕೆ ಸೇರಬೇಕು. ನಮ್ಮ ಆಭಾದ ಒಳಗಿನ ಮಾದರಿಯೂ ಎಫ್‌ಎಚ್‌ಐಆರ್ ಅನ್ನುವ, ಆರೋಗ್ಯ ದಾಖಲೆ ಹಂಚಿಕೊಳ್ಳುವ ಅಂತರರಾಷ್ಟ್ರೀಯ ಮಾದರಿ, ಅಂದರೆ ಹೊರಗಿನವರು ಹಿಡಿದಿರುವ ದಾರಿಯೇ. ಆದರೆ ಅವ್ವನ ಚೀಟಿಗೆ ಇನ್ನೂ ಹಡಗು ಬಂದಿಲ್ಲ.

ಅವ್ವ ಮರಳಿ ಬಂದ ಮೇಲೆ ನಾನೇ ಒಂದು ಪುಟ ಟೈಪ್ ಮಾಡಿ ಆ್ಯಪಿಗೆ ಏರಿಸಿದ್ದೇನೆ: ಔಷಧದ ಮೂಲ ಹೆಸರು, ಎಷ್ಟು, ಯಾವಾಗ, ಇನ್ಸುಲಿನ್ ಬಾಟಲಿ 40ರದ್ದು, ಸೂಜಿ ಕೆಂಪು ಮುಚ್ಚಳದ್ದು, ಸಲ್ಫಾ ಮಾತ್ರೆ ಆಗಿಬರುವುದಿಲ್ಲ. ಆ್ಯಪ್ ಅದನ್ನು "ಇತರೆ" ಅನ್ನುವ ಕಪಾಟಿಗೆ ತಳ್ಳಿದೆ. ಸ್ಟಾರ್ ಕಡಿಮೆಯಾದದ್ದು ಲಾಗೌಟಿಗೆ ಒಂದು, ಈ ಕಪಾಟಿಗೆ ಒಂದು.

ಬರುವ ಮೇಗೆ ಮತ್ತೆ ಹೋಗುತ್ತಾಳೆ. ಸಿಮ್ಮಿಗೆ ರೋಮಿಂಗ್ ಹಾಕಿಸಿದ್ದೇನೆ, ಆ ಪುಟದ ನಾಲ್ಕು ಪ್ರಿಂಟ್ ತೆಗೆಸಿದ್ದೇನೆ. ನಾಲ್ಕನ್ನೂ ಮಡಚಿ ಅವ್ವ ಅದೇ ಕೈಚೀಲಕ್ಕೆ ಹಾಕಿಕೊಂಡಿದ್ದಾಳೆ.